ರಾಯರ ಶಂಕಿತರ ಪಟ್ಟಿ

ರಾಯರ ಕಾರನ್ನು ಕದಿಯಲು ಇದುವರೆಗೆ ಯಾರೂ ಬಂದಿಲ್ಲ. ಬರುವ ಲಕ್ಷಣವೂ ಇಲ್ಲ. 1999ರ ಮಾರುತಿ ಜೆನ್ ಅದು. 15 ವರ್ಷ ತುಂಬಿದಾಗ ಎಫ್‌ಸಿ ಮಾಡಿಸಿ, ಹಸಿರು ತೆರಿಗೆ ಕಟ್ಟಿ, ಐದು ವರ್ಷಕ್ಕೆ ಆರ್‌ಸಿ ನವೀಕರಿಸಿಕೊಂಡು, ಅದೂ ಮುಗಿದ ಮೇಲೆ ಮತ್ತೆ ಆರ್‌ಟಿಒ ಬಾಗಿಲಲ್ಲಿ ನಿಂತು ಬಂದ ಗಾಡಿ. ಆದರೆ ಅದರ ಭದ್ರತೆ ಸಾಮಾನ್ಯವಲ್ಲ. ಕೊಂಡ ಹೊಸತರಲ್ಲಿ ಅಂಗಡಿಯಲ್ಲಿ ಹಾಕಿಸಿದ ಸೆಂಟ್ರಲ್ ಲಾಕಿಂಗು, ಅಲಾರಂ, ಬಾನೆಟ್ಟಿನೊಳಗೊಂದು ಸೈರನ್ನು. ಸೈರನ್ನಿಗೆ ಆರು ರಾಗ ಬರುತ್ತದೆ. ಒಂದು ಆಂಬುಲೆನ್ಸಿನದು, ಇನ್ನೊಂದು ಪೊಲೀಸ್ ಜೀಪಿನದು. ಉಳಿದ ನಾಲ್ಕು ಯಾವ ಪ್ರಾಣಿಯದೆಂಬ ಬಗ್ಗೆ ನಮ್ಮ ಬೀದಿಯಲ್ಲಿ ಒಮ್ಮತವಿಲ್ಲ.

ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಇಂಥ ರಾಯರು ಬೀದಿಗೊಬ್ಬರಾದರೂ ಸಿಗುತ್ತಾರೆ. ಸರ್ಕಾರಿ ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದು ರಿಟೈರಾದವರು. ಅಂಗಿಯ ಜೇಬಿನಲ್ಲಿ ಟೆಸ್ಟರು, ಕೈಯಲ್ಲಿ ಎಸ್‌ಪಿ ರೋಡಿನಲ್ಲಿ ಚೌಕಾಸಿ ಮಾಡಿ ತಂದ ಹಳದಿ ಮಲ್ಟಿಮೀಟರು. ‘ಮೆಕ್ಯಾನಿಕ್ಕಿಗೆ ತೋರಿಸಿ’ ಎಂದವರ ಜೊತೆ ಅವರು ಎರಡು ದಿನ ಮಾತಾಡುವುದಿಲ್ಲ.

ಕಳೆದ ಮಾಗಿಯಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಕಾರಿನ ಬಾಗಿಲುಗಳು ತಾವಾಗಿ ಟಕ್ ಟಕ್ ಎಂದು ಲಾಕಾಗಿ ತೆರೆದುಕೊಳ್ಳತೊಡಗಿದವು. ಹಿಂದೆಯೇ ಸೈರನ್ನು. ರಾಯರು ಶಾಲು ಹೊದ್ದು, ಮಂಕಿಕ್ಯಾಪು ಹಾಕಿಕೊಂಡು ಹೊರಗೆ ಬಂದರು. ಮುಖದಲ್ಲಿ ಕೋಪವಿರಲಿಲ್ಲ, ಮದುವೆಮನೆಗೆ ಹೊರಟವರ ಕಳೆಯಿತ್ತು. ಅಕ್ಕಪಕ್ಕದವರೆಲ್ಲ ಕಿಟಕಿ ತೆರೆದು ನೋಡುತ್ತಿದ್ದರೆ, ಇವರು ಹಳೇ ಡೈರಿಯೊಂದನ್ನು ಬಿಡಿಸಿ ‘ಶಂಕಿತರು’ ಎಂದು ತಲೆಬರಹ ಕೊಟ್ಟು ಅಡಿಗೆರೆ ಎಳೆದರು.

ಮೊದಲ ಶಂಕಿತ, ರಿಮೋಟಿನ ಬ್ಯಾಟರಿ. ಕಿರುಬೆರಳಿನ ತುದಿಗಿಂತ ತುಸು ಉದ್ದ, ಆದರೂ ಮೈಮೇಲೆ 12 ವೋಲ್ಟ್ ಎಂದು ಬರೆದಿರುತ್ತದೆ. ಇಷ್ಟು ಸಣ್ಣದರಲ್ಲಿ ಅಷ್ಟು ವೋಲ್ಟ್ ಹೇಗೆ? ರಾಯರು ಬೀದಿಯ ಹುಡುಗರನ್ನು ಗೇಟಿನ ಬಳಿ ಕೂರಿಸಿಕೊಂಡು, ತಗಡಿನ ಹೊದಿಕೆಯನ್ನು ಕಟಿಂಗ್ ಪ್ಲೇಯರಿನಿಂದ ಸುಲಿದು, ಒಳಗಿದ್ದ ಎಂಟು ಪುಟ್ಟ ಬಿಲ್ಲೆಗಳನ್ನು ಸಾಲಾಗಿ ಜೋಡಿಸಿದರು. ಒಂದೊಂದು ಒಂದೂವರೆ ವೋಲ್ಟು. ಎಂಟು ಸೇರಿದರೆ ಹನ್ನೆರಡು. ಹುಡುಗರು ಚಪ್ಪಾಳೆ ತಟ್ಟಿದರು. ಬ್ಯಾಟರಿ ಚೆನ್ನಾಗಿಯೇ ಇತ್ತೆಂದು ತಿಳಿದಾಗ ಅದು ಎಂಟು ತುಂಡಾಗಿತ್ತು.

ಆಮೇಲೆ ಕಾರಿನದೇ ಬ್ಯಾಟರಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ 12.6 ವೋಲ್ಟ್ ಇದ್ದರೆ ಪೂರ್ಣ ಆರೋಗ್ಯ. 12ಕ್ಕಿಂತ ಕೆಳಗಿಳಿದರೆ ಅಲಾರಂ ಡಬ್ಬಿಗೆ ತಲೆ ಕೆಡುತ್ತದೆ. ಮೀಟರು 12.5 ತೋರಿಸಿತು. ರಾಯರಿಗೆ ಸ್ಪಷ್ಟವಾಗಿ ನಿರಾಶೆಯಾಯಿತು. ಎದುರುಮನೆಯವರ ಒತ್ತಾಯಕ್ಕೆ ಹೆಗ್ಗಣವನ್ನೂ ಪಟ್ಟಿಗೆ ಸೇರಿಸಿ, ಸಾಕ್ಷ್ಯವಿಲ್ಲವೆಂದು ಹೊಡೆದುಹಾಕಿದರು. ಬಾಗಿಲ ಚೌಕಟ್ಟಿನ ಗುಂಡಿ ಸ್ವಿಚ್ಚುಗಳಿಗೆ ತುಕ್ಕು ಹಿಡಿದರೆ ಮುಚ್ಚಿದ ಬಾಗಿಲೂ ತೆರೆದಿದೆ ಎಂದು ಸುಳ್ಳು ಹೇಳುತ್ತವಂತೆ. ಅವನ್ನು ಬಿಚ್ಚಿ, ಮರಳು ಕಾಗದದಲ್ಲಿ ಉಜ್ಜಿ, ಮತ್ತೆ ಕೂರಿಸಿದ್ದಾಯಿತು. ಒಳದೀಪ ಸರಿಯಾಗಿ ಹತ್ತಿತು, ಆರಿತು. ಅವೂ ನಿರ್ದೋಷಿಗಳು.

ನಿಜವಾದ ವಿಚಾರಣೆ ನಡೆದದ್ದು ಶಾಕ್ ಸೆನ್ಸರಿನದು. ಡ್ಯಾಶ್‌ಬೋರ್ಡಿನ ಕೆಳಗೆ ಕಡ್ಡಿಪೆಟ್ಟಿಗೆಯಷ್ಟು ದೊಡ್ಡ ಡಬ್ಬಿ, ಅದರಲ್ಲೊಂದು ಸಣ್ಣ ತಿರುಪು. ಒಂದು ಕಡೆ ತಿರುಗಿಸಿದರೆ ಹಾಲಿನ ಹುಡುಗನ ಸೈಕಲ್ಲು ತಗುಲಿದರೂ ಕೂಗುತ್ತದೆ. ದೀಪಾವಳಿಯ ಮೂರು ದಿನವಂತೂ ಲಕ್ಷ್ಮೀ ಪಟಾಕಿಗೂ ಜೆನ್‌ಗೂ ಜುಗಲ್‌ಬಂದಿ. ಇನ್ನೊಂದು ಕಡೆ ತಿರುಗಿಸಿದರೆ ಬಾನೆಟ್ಟಿನ ಮೇಲೆ ತೆಂಗಿನಕಾಯಿ ಬಿದ್ದರೂ ಪಿಟ್ಟೆನ್ನುವುದಿಲ್ಲ. ರಾಯರು ಪೂರ್ತಿ ಆಚೆ ತಿರುಗಿಸಿದರು. ಆ ರಾತ್ರಿ ಸೈರನ್ನು ಸುಮ್ಮನಿತ್ತು. ಬಾಗಿಲುಗಳು ಮಾತ್ರ ಟಕ್ ಟಕ್ ಎನ್ನುತ್ತಲೇ ಇದ್ದವು. ‘ನೋಡಿ ಸ್ವಾಮಿ, ಇಲ್ಲಿ ಎರಡು ಬೇರೆ ಬೇರೆ ಫಾಲ್ಟ್ ಇವೆ’ ಎಂದು ಬೆಳಿಗ್ಗೆ ಕಾಂಪೌಂಡಿನ ಮೇಲಿಂದ ನನಗೆ ಹೇಳುವಾಗ ಅವರ ಕಣ್ಣು ಹೊಳೆಯುತ್ತಿತ್ತು. ಒಂದೇ ಕಾಯಿಲೆಯಲ್ಲಿ ಎರಡು ಸಿಕ್ಕಿದ ಲಾಭ.

ಮನೆಯಾಕೆ ಕಾಫಿ ತಂದಿಟ್ಟು ಕೇಳಿದರು: ‘ಅಲ್ರೀ, ಆ ಫ್ಯೂಸ್ ಕಿತ್ತುಹಾಕಿ, ಹಿಂದಿನ ಥರಾ ಕೀ ಹಾಕಿ ತಿರುಗಿಸಿದ್ರೆ ಆಗಲ್ವಾ?’

‘ಆಗುತ್ತೆ. ಜ್ವರ ಬಂದು ನರಳೋನ ಬಾಯಿಗೆ ಬಟ್ಟೆ ತುರುಕಿದರೂ ಸದ್ದು ನಿಲ್ಲುತ್ತೆ’ ಎಂದರು ರಾಯರು. ಆಕೆ ಲೋಟ ಎತ್ತಿಕೊಂಡು ಒಳಗೆ ಹೋದರು. ಆ ವಾರ ತರಕಾರಿಗೆ ಆಟೋದಲ್ಲಿ ಹೋಗಿಬಂದರು.

ಕೊನೆಗೆ ಮಗಳು ಬೇರೆ ಊರಿನಿಂದ ಫೋನಿನಲ್ಲೇ ಒಬ್ಬ ಕಾರ್ ಎಲೆಕ್ಟ್ರಿಷಿಯನ್ನನ್ನು ಕಳಿಸಿದಳು. ಇಪ್ಪತ್ತೆರಡು, ಇಪ್ಪತ್ತಮೂರರ ಹುಡುಗ. ಮೀಟರಿಲ್ಲ, ಡೈರಿಯಿಲ್ಲ, ಎರಡು ವೈರು ಕಟ್ಟಿದ ಬಲ್ಬೊಂದು. ರಾಯರು ಶಂಕಿತರ ಪಟ್ಟಿ ಓದಿ ಹೇಳುತ್ತಿದ್ದಂತೆಯೇ ಅವನು ಡ್ರೈವರ್ ಬಾಗಿಲನ್ನು ಅರ್ಧ ಮುಚ್ಚಿ, ಹಿಂಜಿನ ಪಕ್ಕದ ರಬ್ಬರ್ ಕೊಳವೆಯನ್ನು ಹಿಡಿದು ಅಲುಗಾಡಿಸಿದ. ಉಳಿದ ಮೂರೂ ಬಾಗಿಲು ಟಕ್ ಎಂದವು.

‘ಮಾಸ್ಟರ್ ಇದೇ ಡೋರಲ್ವಾ ಸಾರ್. ಬೇರೆ ಡೋರಿಗೆ ಎರಡೆರಡು ವೈರು, ಇದಕ್ಕೆ ಐದು. ಎರಡು ಮೋಟರಿಗೆ, ಮೂರು ಸಿಗ್ನಲ್ಲಿಗೆ. ದಿನಾ ತೆಗೆದು ಹಾಕಿ ಮಡಚಿ ಮಡಚಿ ಒಳಗೇ ತುಂಡಾಗಿದೆ.’

ಕೊಳವೆ ಸರಿಸಿ ತೋರಿಸಿದ. ಹೊರಗಿನ ಪ್ಲಾಸ್ಟಿಕ್ಕು ನೆಟ್ಟಗಿತ್ತು. ಎಳೆದರೆ ಒಂದು ಕಡೆ ರಬ್ಬರಿನಂತೆ ಹಿಗ್ಗಿತು, ಒಳಗೆ ತಾಮ್ರವೇ ಇಲ್ಲ. ಆ ತುಂಡುಗಳು ಒಂದಕ್ಕೊಂದು ತಗುಲಿದಾಗಲೆಲ್ಲ ಯಾರೋ ಕೀ ತಿರುಗಿಸಿದರೆಂದು ಡಬ್ಬಿ ತಿಳಿಯುತ್ತದೆ, ಉಳಿದ ಬಾಗಿಲುಗಳ ಮೋಟರು ದಢಕ್ಕನೆ ಹೊಡೆಯುತ್ತವೆ, ಆ ಏಟಿಗೆ ಶಾಕ್ ಸೆನ್ಸರು ಕಳ್ಳ ಬಂದನೆಂದು ಬೊಬ್ಬೆ ಹಾಕುತ್ತದೆ. ಕಾರು ತನಗೆ ತಾನೇ ಬೆಚ್ಚಿಬೀಳುತ್ತಿತ್ತು. ಫಾಲ್ಟ್ ಎರಡಲ್ಲ, ಒಂದೇ.

‘ನಾನೂ ಅದನ್ನ ಟೆಸ್ಟ್ ಮಾಡಿದ್ದೆನಪ್ಪಾ. ಕಂಟಿನ್ಯುಯಿಟಿ ಇತ್ತು!’

‘ಡೋರ್ ಪೂರ್ತಿ ತೆಗೆದಿಟ್ಟು ನೋಡಿರ್ತೀರಾ ಸಾರ್. ಆವಾಗ ವೈರು ನೆಟ್ಟಗಾಗಿ ಟಚ್ ಆಗುತ್ತೆ.’

ರಾಯರು ಡೈರಿ ತಿರುವಿದರು. ಏಳನೆಯ ಶಂಕಿತ: ಬಾಗಿಲ ವೈರು. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘ನಿರ್ದೋಷಿ’. ಅವರು ಪೆನ್ನು ತೆಗೆದು ಅದರ ಮುಂದೆ ‘ಸದ್ಯಕ್ಕೆ’ ಎಂದು ಸೇರಿಸಿ, ಹಳೇ ತಾರೀಖನ್ನೇ ಹಾಕಿದರು.

ಹುಡುಗ ಹೊಸ ತುಂಡು ಬೆಸೆದು, ಸ್ಲೀವ್ ತೊಡಿಸಿ, ಮುನ್ನೂರು ರೂಪಾಯಿ ಎಂದ. ರಾಯರು ಇನ್ನೂರೈವತ್ತು ಕೊಟ್ಟರು. ಶಂಕಿತರಲ್ಲಿ ಆರು ಜನರನ್ನು ಮೊದಲೇ ಬಿಡುಗಡೆ ಮಾಡಿ ಅವನ ಕೆಲಸ ಹಗುರ ಮಾಡಿದ್ದಕ್ಕೆ ಐವತ್ತು ಕಡಿತ. ಅವನು ನಕ್ಕು ಜೇಬಿಗಿಟ್ಟುಕೊಂಡ.

‘ಸಾರ್, ಉಳಿದ ನಾಲ್ಕು ವೈರೂ ಅಷ್ಟೇ ಹಳೇದು. ಹೆಂಗೂ ಬಿಚ್ಚಿದೀನಿ, ಅವನ್ನೂ ಬದಲಾಯಿಸಿಬಿಡ್ಲಾ?’

‘ಬೇಡ ಬೇಡ’ ಎಂದು ರಾಯರು ಗಡಿಬಿಡಿಯಿಂದ ಬಾಗಿಲಿಗೆ ಅಡ್ಡ ನಿಂತರು. ‘ಅವು ಹೋದಾಗ ನೋಡೋಣ.’