ಅತಿಥಿಗಳಿಗೆ ಒಂದು ಪೊಟ್ಟಣ ಮಣ್ಣು

ಗೆ,
ಶಿಷ್ಟಾಚಾರ ವಿಭಾಗದ ಮುಖ್ಯಸ್ಥರು,
ವಿದೇಶಾಂಗ ಸಚಿವಾಲಯ, ನವದೆಹಲಿ

ವಿಷಯ: ವಿದೇಶಿ ಗಣ್ಯರಿಗೆ ಕೊಡುವ ಉಡುಗೊರೆಗಳ ಪಟ್ಟಿಯಲ್ಲಿ ಕೆಜಿಎಫ್ (ಕೋಲಾರ ಚಿನ್ನದ ಗಣಿ ಪ್ರದೇಶ) ಬಿಟ್ಟುಹೋಗಿರುವ ಬಗ್ಗೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನಾನು ಕೆಜಿಎಫ್ ಪಕ್ಕದ ಬಂಗಾರಪೇಟೆಯ ನಿವಾಸಿ. ಹೆಸರಿನಲ್ಲೇ ಬಂಗಾರ ಇರುವುದರಿಂದ ಹೊರಗಿನವರು ನಮ್ಮನ್ನು ಅನುಕೂಲಸ್ಥರು ಅಂದುಕೊಳ್ಳುತ್ತಾರೆ. ಮೊದಲು ಇದು ಬೌರಿಂಗ್‌ಪೇಟೆ, ಮೈಸೂರಿನ ಬ್ರಿಟಿಷ್ ಕಮಿಷನರರ ಹೆಸರಿನ ಊರು. ದೊರೆ ಹೋದ, ಬಂಗಾರ ಬಂತು. ಬೋರ್ಡಿನ ಮೇಲೆ.

2023ರ ಜೂನ್‌ನಲ್ಲಿ ನಮ್ಮ ಪ್ರಧಾನಿಯವರು ಅಮೆರಿಕಕ್ಕೆ ಹೋದಾಗ, ಎಂಬತ್ತು ದಾಟಿದ ಅಧ್ಯಕ್ಷ ಬೈಡನ್ ಅವರಿಗೆ ಸಹಸ್ರಚಂದ್ರ ದರ್ಶನದ ಲೆಕ್ಕದಲ್ಲಿ ಗಂಧದ ಪೆಟ್ಟಿಗೆಯೊಂದನ್ನು ಕೊಟ್ಟರು. ಒಳಗೆ ದಶದಾನ. (ನಮ್ಮ ಬೀದಿಯ ಪುರೋಹಿತರಿಗೆ ದಶದಾನ ಅಂದೊಡನೆ ನೆನಪಾಗಿದ್ದು ಹನ್ನೊಂದನೇ ದಿನದ ಕರ್ಮ. ‘ಶುಭಕ್ಕೂ ಕೊಡ್ತಾರೆ ಬಿಡಿ’ ಎಂದು ಆಮೇಲೆ ಅವರೇ ಸಮಾಧಾನ ಹೇಳಿದರು.) ಪಂಜಾಬಿನ ತುಪ್ಪ, ಉತ್ತರಾಖಂಡದ ಅಕ್ಕಿ, ತಮಿಳುನಾಡಿನ ಎಳ್ಳು, ಮಹಾರಾಷ್ಟ್ರದ ಬೆಲ್ಲ, ಗುಜರಾತಿನ ಉಪ್ಪು. ಗೋವಿನ ಬದಲು ಬಂಗಾಳದ ಬೆಳ್ಳಿ ತೆಂಗಿನಕಾಯಿ. ಹಿರಣ್ಯದಾನಕ್ಕೆ ರಾಜಸ್ಥಾನದಲ್ಲಿ ಮಾಡಿಸಿದ 24 ಕ್ಯಾರೆಟ್ ನಾಣ್ಯ. ಭೂದಾನದ ಬಾಬ್ತಿಗೆ ಮೈಸೂರಿನ ಶ್ರೀಗಂಧದ ತುಂಡು.

ತುಪ್ಪ, ಬೆಲ್ಲದ ಬಗ್ಗೆ ನನ್ನದೇನೂ ಇಲ್ಲ. ತಕರಾರು ಇರುವುದು ಚಿನ್ನ ಮತ್ತು ಭೂಮಿ, ಈ ಎರಡು ಬಾಬ್ತುಗಳ ಮೇಲೆ.

ಮೊದಲು ಚಿನ್ನ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದಾಗಿನಿಂದ 2001ರ ಫೆಬ್ರವರಿ 28ರಂದು ಗಣಿಗೆ ಬೀಗ ಬೀಳುವವರೆಗೆ ಕೆಜಿಎಫ್ ಕೊಟ್ಟಿದ್ದು ಸುಮಾರು 800 ಟನ್. ಗಂಧದ ಪೆಟ್ಟಿಗೆಯಲ್ಲಿಟ್ಟು ಕೊಟ್ಟಿದ್ದಲ್ಲ, ಆದ್ದರಿಂದ ಫೋಟೊ ಇಲ್ಲ. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು ತಂದಿದ್ದು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 150 ಕಿ.ಮೀ. ತಂತಿ ಎಳೆದು ಇಲ್ಲಿಗೆ ಕರೆಂಟು ಕೊಟ್ಟರು. ಬೆಂಗಳೂರಿನ ಬೀದಿಗೆ ದೀಪ ಬಂದಿದ್ದು 1905ರಲ್ಲಿ. ರಾಜಧಾನಿಗಿಂತ ಮೊದಲು ನಮಗೆ ಬೆಳಕು ಎಂದು ಹಿರಿಯರು ಈಗಲೂ ಬೀಗುತ್ತಾರೆ. ಆ ಬೆಳಕು ಬಂದಿದ್ದು ಚಿನ್ನ ಹುಡುಕುವುದಕ್ಕೆ ಎಂದು ನಾನು ನೆನಪಿಸಲು ಹೋಗುವುದಿಲ್ಲ.

ಈ ನೆಲಕ್ಕೆ ಬಂದ ಅತಿಥಿಗಳಲ್ಲಿ ಬರಿಗೈಯಲ್ಲಿ ಹೋದವರು ಕಡಿಮೆ. ನನಗೆ ಗೊತ್ತಿರುವುದು ಒಬ್ಬನೇ, ನ್ಯೂಟ್ರಿನೊ. 1965ರಲ್ಲಿ ಚಾಂಪಿಯನ್ ರೀಫ್ ಗಣಿಯ ಎರಡು ಕಿಲೋಮೀಟರಿಗೂ ಹೆಚ್ಚಿನ ಆಳದಲ್ಲಿ ವಿಜ್ಞಾನಿಗಳು ಅವನ ಸುಳಿವು ಹಿಡಿದರು. ವಾತಾವರಣದಲ್ಲಿ ಹುಟ್ಟಿ, ಅಷ್ಟೂ ಬಂಡೆ ದಾಟಿ, ಒಂದು ಗುಲಗಂಜಿ ತೂಕ ಚಿನ್ನವನ್ನೂ ಮುಟ್ಟದೆ ಹೋಗುತ್ತಿದ್ದ. ಅಂಥವನಿಗೆ ಕೆಂಪು ಹಾಸು ಹಾಸಬೇಕಿತ್ತು.

ಉಡುಗೊರೆ ರಾಜಕೀಯ ನಮ್ಮ ತಾಲ್ಲೂಕಿಗೆ ಹೊಸದೇನಲ್ಲ. ಇಲ್ಲಿನ ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿಯ ಮಗ ಟಿಪ್ಪು, ಇಂಗ್ಲಿಷರ ವಿರುದ್ಧ ನೆರವು ಕೇಳಿ ಫ್ರಾನ್ಸಿಗೆ ಮೂವರು ರಾಯಭಾರಿಗಳನ್ನು ಕಳಿಸಿದ. 1788ರಲ್ಲಿ ಹದಿನಾರನೇ ಲೂಯಿ ಅವರನ್ನು ಅದ್ದೂರಿಯಾಗಿ ಬರಮಾಡಿಕೊಂಡು, ಸೆವ್ರ್ ಕಾರ್ಖಾನೆಯ ಪಿಂಗಾಣಿ ಕೊಟ್ಟು ಕಳಿಸಿದ. ಕೇಳಿದ್ದು ಸೈನ್ಯ, ಸಿಕ್ಕಿದ್ದು ಬಟ್ಟಲು.

ಈಗಿನವರು ಜಾಣರು. 2025ರಲ್ಲಿ ದಕ್ಷಿಣ ಕೊರಿಯಾ, ಅಮೆರಿಕದ ಅಧ್ಯಕ್ಷ ಟ್ರಂಪ್ ಅವರಿಗೆ ಪುರಾತನ ಚಿನ್ನದ ಕಿರೀಟದ ಪ್ರತಿಕೃತಿ ಕೊಟ್ಟಿತು. ಸ್ವಿಟ್ಜರ್ಲೆಂಡಿನ ಉದ್ಯಮಿಗಳು ಚಿನ್ನದ ಗಟ್ಟಿಯನ್ನೇ ಒಯ್ದರು, ಕೆಲವೇ ದಿನಗಳಲ್ಲಿ ಅವರ ದೇಶದ ಮೇಲಿನ ಸುಂಕವನ್ನು ಶೇ 39ರಿಂದ 15ಕ್ಕೆ ಇಳಿಸಲು ಒಪ್ಪಿಗೆಯಾಯಿತು. ನಾವು ಬೈಡನ್ ಅವರ ಪತ್ನಿ ಜಿಲ್ ಅವರಿಗೆ ಕೊಟ್ಟ 7.5 ಕ್ಯಾರೆಟ್ ವಜ್ರ ಲ್ಯಾಬಿನಲ್ಲಿ ಬೆಳೆದದ್ದು. ಅಮೆರಿಕದವರು ಅದಕ್ಕೆ 20,000 ಡಾಲರ್ ಬೆಲೆ ಕಟ್ಟಿ ಲೆಕ್ಕಕ್ಕೆ ಬರೆದುಕೊಂಡರು. ವಜ್ರವೇ ಲ್ಯಾಬಿನಲ್ಲಿ ಬೆಳೆಯುವಾಗ ನೆಲ ಅಗೆದವರನ್ನು ಕೇಳುವವರಾರು?

ಇನ್ನು ಭೂಮಿ. ಭೂದಾನಕ್ಕೆ ಗಂಧದ ತುಂಡು ಇಡುವ ಬಡತನ ದೇಶಕ್ಕೆ ಬಂದಿಲ್ಲ. ನಮ್ಮಲ್ಲಿ 13 ಸೈನೈಡ್ ದಿಬ್ಬಗಳಿವೆ, ಸಾವಿರ ಎಕರೆಗೂ ಮೇಲೆ. ಚಿನ್ನ ಹೋದಲ್ಲಿಗೆ ಹೋಯಿತು, ಅರೆದ ಕಲ್ಲು ಇಲ್ಲೇ ಉಳಿಯಿತು. ಆಷಾಢದ ಗಾಳಿಗೆ ಕೆಜಿಎಫ್‌ನ ಲೈನ್ ಮನೆಗಳ ಮುಂದೆ ಒಣಹಾಕಿದ ಬಿಳಿ ಪಂಚೆ ಬೂದಿಬಣ್ಣಕ್ಕೆ ತಿರುಗುತ್ತದೆ. ಬೆರಳಲ್ಲಿ ಸವರಿ ನೋಡಿ, ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣುಪು. ಒಂದು ಕೆಮ್ಮೂ ಜೊತೆಗೆ ಬರುತ್ತದೆ. ‘ಕೆಜಿಎಫ್’ ಸಿನಿಮಾ ನೋಡಿ ಬಂದ ಹುಡುಗರು ಆ ದಿಬ್ಬದ ಮೇಲೆ ಸೆಲ್ಫಿ ತೆಗೆದುಕೊಂಡು ರಾಕಿ ಭಾಯ್ ಮನೆ ಎಲ್ಲಿ ಎನ್ನುತ್ತಾರೆ. ತಡ ಮಾಡಬೇಡಿ: ಆ 13 ದಿಬ್ಬಗಳಲ್ಲಿ ಮತ್ತೆ ಗಣಿಗಾರಿಕೆ ನಡೆಸಲು 2024ರ ಜೂನ್‌ನಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಾಗಿದೆ. ಎಂಜಲಲ್ಲೂ ರುಚಿಯಿದೆಯಂತೆ.

ಔತಣದ ಪಟ್ಟಿಗೂ ಒಂದು ಸಲಹೆ. ಬಂಗಾರಪೇಟೆ ಪಾನಿಪುರಿ ಇಡಿ. ನಮ್ಮ ಪಾನಿ ಹಸಿರಲ್ಲ, ಲೋಟದಲ್ಲಿ ಬರೀ ನೀರಿನಂತೆ ತಿಳಿ. ಬಾಯಿಗೆ ಬಿದ್ದ ಮೇಲೆ ಕಿವಿಯಲ್ಲಿ ಹೊಗೆ. ನಿಮ್ಮ ಜಂಟಿ ಹೇಳಿಕೆಗಳನ್ನು ಓದಿ ಅಭ್ಯಾಸವಿರುವವರಿಗೆ ಇದು ಕಷ್ಟವಾಗಲಾರದು.

ನಮ್ಮ ಮನೆಯಿಂದಲೂ ಏನಾದರೂ ಕಳಿಸೋಣವೆಂದು ಟ್ರಂಕು ತೆಗೆದೆ. ಅಪ್ಪ ಪಾಳಿಗೆ ಇಳಿಯುವಾಗ ಒಯ್ಯುತ್ತಿದ್ದ ಹಿತ್ತಾಳೆ ಬಿಲ್ಲೆ ಸಿಕ್ಕಿತು. ನಂಬರು ಸವೆದಿದೆ, ಕೊನೆಯ ಏಳು ಮಾತ್ರ ಕಾಣುತ್ತದೆ. ಪೊಟ್ಟಣಕ್ಕೆ ಹಾಕಿದೆ. ಅಮ್ಮ ಮಾತಾಡದೆ ಅದನ್ನು ಹೊರತೆಗೆದು ಟ್ರಂಕಿನಲ್ಲೇ ಇಟ್ಟಳು. ಹೀಗಾಗಿ ಮಣ್ಣೊಂದೇ ಕಳಿಸುತ್ತಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಬಂಗಾರಪೇಟೆಯ ಒಬ್ಬ ನಾಗರಿಕ

ಅಡಕ: ದಿಬ್ಬದ ಮಣ್ಣು, ಒಂದು ಪೊಟ್ಟಣ. ಬೆಲೆ 5,000 ರೂಪಾಯಿ ದಾಟುವುದಿಲ್ಲವಾದ್ದರಿಂದ ಸರ್ಕಾರಿ ಉಡುಗೊರೆ ಭಂಡಾರವಾದ ತೋಷಾಖಾನೆಗೆ ಒಪ್ಪಿಸಬೇಕಿಲ್ಲ, ತಾವೇ ಇಟ್ಟುಕೊಳ್ಳಬಹುದು. ಫ್ಯಾನಿನ ಕೆಳಗೆ ಬಿಚ್ಚಬೇಡಿ.