ಬೆಳ್ಳಂಬೆಳಗ್ಗೆ ಸ್ಮಶಾನದ ಸುದ್ದಿ

ಮಗಳು ಅಳಿಯ ಜರ್ಮನಿಯಲ್ಲಿದ್ದಾರೆ. ಅವರ ಮನೆಯಲ್ಲಿ ಎರಡು ತಿಂಗಳಿದ್ದು ಮೊನ್ನೆ ವಾಪಸು ಬಂದೆ. ಬಂದ ಮರುದಿನ ಬೆಳಗ್ಗೆಯೇ ಪಕ್ಕದ ಮನೆಯ ಮೇಷ್ಟರು ಕಾಂಪೌಂಡಿನ ಮೇಲೆ ಮೊಣಕೈ ಊರಿ ಹಾಜರಾದರು. ದಾಸವಾಳದ ಗಿಡ ನಮ್ಮದು, ಹೂಬುಟ್ಟಿ ಅವರದು. ಇದು ಇಪ್ಪತ್ತು ವರ್ಷದ ಒಪ್ಪಂದ.

“ಯೂರೋಪಲ್ಲಿ ಏನೇನು ನೋಡಿದಿರಿ?”

“ಪ್ರಾಗ್‌ನಲ್ಲಿ ಒಂದು ಸ್ಮಶಾನ ನೋಡಿದೆ. ಟಿಕೆಟ್ ಕೊಟ್ಟು.”

ಗಿಡದತ್ತ ಚಾಚಿದ ಕೈ ಅಲ್ಲೇ ನಿಂತಿತು. “ಎಂಥ ಮಾತು ಸ್ವಾಮಿ, ಬೆಳ್ಳಂಬೆಳಗ್ಗೆ! ದೇವರ ಹೂವು ಕೊಯ್ಯುತ್ತಿದ್ದೀನಿ.”

“ಅವರಲ್ಲೂ ನಿಮ್ಮಂಥ ಮಡಿಯವರಿದ್ದಾರೆ,” ಎಂದೆ. “ಯಹೂದಿಗಳಲ್ಲಿ ಪುರೋಹಿತ ವಂಶದವರಿಗೆ ಕೊಹೇನ್ ಅಂತಾರೆ. ಅವರು ಸ್ಮಶಾನದೊಳಕ್ಕೆ ಕಾಲಿಡುವ ಹಾಗಿಲ್ಲ.” ಮೇಷ್ಟರಿಗೆ ಯಾರೋ ದೂರದ ನೆಂಟರು ಸಿಕ್ಕಂತಾಯಿತು. ಬುಟ್ಟಿಯನ್ನು ಕಾಂಪೌಂಡಿನ ಮೇಲಿಟ್ಟು, “ಹೇಳಿ ಮತ್ತೆ” ಎಂದರು.

ನಾವು ಹೋಗಿದ್ದು ಪ್ರಾಗ್ ನಗರದ ಯಹೂದಿ ಕೇರಿಗೆ, ಗೈಡ್ ಜೊತೆ ಒಂದು ದಿನದ ಸುತ್ತು. ಸಕಲವನ್ನೂ ಮೊಬೈಲಿನಲ್ಲೇ ನೋಡಿ ತೀರ್ಮಾನಿಸುವ ನಮ್ಮ ಅಳಿಯ ವಾರ ಯಾವುದೆಂದು ಮಾತ್ರ ನೋಡಿರಲಿಲ್ಲ. ಶನಿವಾರ ಹೋಗಿ ನಿಂತರೆ ಎಲ್ಲ ಬಾಗಿಲಿಗೂ ಬೀಗ! ಶುಕ್ರವಾರ ಹೊತ್ತು ಮುಳುಗಿದ್ದರಿಂದ ಹಿಡಿದು ಶನಿವಾರ ಕತ್ತಲಾಗುವವರೆಗೆ ಅವರಿಗೆ ಸಬ್ಬತ್, ದುಡಿಮೆಗೆ ರಜ. ಟಿಕೆಟ್ ಹರಿಯುವುದೂ ದುಡಿಮೆಯೇ. ಭಾನುವಾರ ಮತ್ತೆ ಹೋದೆವು. ಗೈಡ್ ಹೆಂಗಸು ಬಿಸಿಲಲ್ಲೂ ಕೆಂಪು ಕೊಡೆಯನ್ನು ಮೇಲೆತ್ತಿಕೊಂಡು ಮುಂದೆ ನಡೆದಳು. ಸತ್ತಿಗೆಯ ಹಿಂದೆ ಹೊರಟ ಉತ್ಸವದ ಹಾಗೆ ನಾವು ಹಿಂದೆ.

ಕೇರಿಯ ಹೆಸರು ಯೋಸೆಫೊವ್. 18ನೇ ಶತಮಾನದಲ್ಲಿ ಯಹೂದಿಗಳ ಮೇಲಿನ ಕಟ್ಟುಪಾಡು ಸಡಿಲಿಸಿದ ಚಕ್ರವರ್ತಿ ಎರಡನೇ ಜೋಸೆಫನ ನೆನಪಿಗೆ ಇಟ್ಟದ್ದು. ಕಟ್ಟುಪಾಡು ಹೋದ ಮೇಲೆ ಕಾಸಿದ್ದವರು ಕೇರಿ ಬಿಟ್ಟರು, ಬಡವರು ಬಂದು ತುಂಬಿಕೊಂಡರು. ಗಲೀಜಾಯಿತು, ರೋಗದ ಗೂಡಾಯಿತು ಎಂದು 1893ರಲ್ಲಿ ಕಾನೂನು ಮಾಡಿ ಮನೆಗಳನ್ನೆಲ್ಲ ಕೆಡವಿಹಾಕಿದರು. ಉಳಿದದ್ದು ಸಿನಗಾಗ್ ಎಂಬ ಆರು ಪ್ರಾರ್ಥನಾ ಮಂದಿರ, ಒಂದು ಟೌನ್ ಹಾಲ್, ಒಂದು ಸ್ಮಶಾನ. ಬಡವರ ಗಲ್ಲಿಗಳಿದ್ದ ಕಡೆ ಈಗ ಪ್ಯಾರಿಸ್ ರಸ್ತೆ ಎಂಬ ಸಾಲಂಕೃತ ಬೀದಿ. ಅಲ್ಲಿ ಗಾಜಿನೊಳಗಿನ ಒಂದು ಕೈಚೀಲದ ಬೆಲೆ ನೋಡಿ, ನನ್ನ ನಿವೃತ್ತಿ ವೇತನ ಜೇಬಿನಲ್ಲೇ ಮುದುರಿಕೊಂಡಿತು.

ಟೌನ್ ಹಾಲಿನ ಮೇಲೆ ಎರಡು ಗಡಿಯಾರ. ಗೋಪುರದ್ದು ನಮ್ಮ ನಿಮ್ಮ ಮನೆಯದರಂತೆ. ಅದರ ಕೆಳಗಿನದರಲ್ಲಿ ಅಂಕಿಗಳ ಜಾಗದಲ್ಲಿ ಹೀಬ್ರೂ ಅಕ್ಷರ. ಹೀಬ್ರೂ ಓದುವುದು ಬಲದಿಂದ ಎಡಕ್ಕೆ ತಾನೆ, ಮುಳ್ಳುಗಳೂ ಹಾಗೇ ಉಲ್ಟಾ ತಿರುಗುತ್ತವೆ.

“ಅಂದರೆ ಅಪ್ರದಕ್ಷಿಣೆ!” ಮೇಷ್ಟರ ಮುಖ ಹುಳ್ಳಗಾಯಿತು.

“ನಮಗೆ ಅಪ್ರದಕ್ಷಿಣೆ, ಅವರಿಗೆ ಅದೇ ಸರಿ ದಾರಿ. ಟೈಮು ಮಾತ್ರ ಎರಡರಲ್ಲೂ ಒಂದೇ.”

ಪಕ್ಕದಲ್ಲೇ ಹಳೆ-ಹೊಸ ಸಿನಗಾಗ್. ಹೆಸರೇ ಹಾಗೆ. ಸುಮಾರು 1270ರ ಹೊತ್ತಿಗೆ ಕಟ್ಟಿದ್ದು, ಇವತ್ತಿಗೂ ಅಲ್ಲಿ ಪ್ರಾರ್ಥನೆ ನಡೆಯುತ್ತದೆ. ಸುತ್ತಲಿನ ನೆಲ ಏರಿ ಏರಿ, ಈಗ ಒಳಗೆ ಹೋಗಲು ಮೆಟ್ಟಿಲಿಳಿಯಬೇಕು. ಗಂಡಸರ ಬರಿತಲೆಗೆ ಅಲ್ಲಿ ಪ್ರವೇಶವಿಲ್ಲ, ತಲೆ ಮುಚ್ಚಿಕೊಳ್ಳಬೇಕು. ಕಾಗದದ ಪುಟ್ಟ ಟೋಪಿ ಕೊಟ್ಟರು. ನನ್ನ ನೆತ್ತಿಯ ಮೇಲೆ ಅದು ನಿಲ್ಲಲೊಲ್ಲದು. ಕೂದಲಿದ್ದಿದ್ದರೆ ಹಿಡಿತ ಸಿಗುತ್ತಿತ್ತೋ ಏನೋ. ಒಂದು ಕೈಯಲ್ಲಿ ಅದನ್ನು ಒತ್ತಿ ಹಿಡಿದೇ ಕಮಾನಿನ ಚಾವಣಿ ನೋಡಿದೆ. ಅಂಥ ಕಮಾನಿಗೆ ನಾಲ್ಕು ಪಕ್ಕೆ ಸಾಕು, ಇಲ್ಲಿ ಐದು. ನಾಲ್ಕೇ ಇದ್ದರೆ ಶಿಲುಬೆಯ ಆಕಾರ ಬರುತ್ತದೆಂದು ಇನ್ನೊಂದು ಸೇರಿಸಿದರಂತೆ. ಹೆಂಗಸರು ಕೂರುವುದು ಆಚೆ ಕೋಣೆಯಲ್ಲಿ, ಪ್ರಾರ್ಥನೆ ಕೇಳಿಸಿಕೊಳ್ಳುವುದು ಗೋಡೆಯ ಸಂದಿಗಳಿಂದ. ನಮ್ಮ ಮನೆಯವಳು ಸಂದಿಯನ್ನೂ ನನ್ನನ್ನೂ ಒಂದೊಂದು ಸಲ ನೋಡಿ ಸುಮ್ಮನಾದಳು. ಅದರ ಉತ್ತರ ನನಗೆ ರಾತ್ರಿ ಊಟದ ಹೊತ್ತಿಗೆ ಸಿಕ್ಕಿತು.

ಆ ಸಿನಗಾಗಿನ ಅಟ್ಟದ ಮೇಲೆ ಗೋಲೆಮ್ ಮಲಗಿದ್ದಾನೆ ಎಂದು ಕಥೆ. ರಬ್ಬಿ ಲೋವ್ ಎಂಬ ಮಹಾಪಂಡಿತರು ನದಿಯ ಜೇಡಿಮಣ್ಣಿನಿಂದ ಒಬ್ಬ ದಾಂಡಿಗನನ್ನು ಮಾಡಿ, ದೇವರ ಹೆಸರು ಬರೆದ ಚೀಟಿಯನ್ನು ಬಾಯಲ್ಲಿಟ್ಟು ಜೀವ ತಂದರಂತೆ, ಕೇರಿಯ ಕಾವಲಿಗೆ. ಸಬ್ಬತ್ ಬಂತೆಂದರೆ ಚೀಟಿ ತೆಗೆದು ಅವನಿಗೂ ರಜ. ಒಂದು ಶುಕ್ರವಾರ ಮರೆತರು, ಅವನು ಕೇರಿಯನ್ನೇ ಪುಡಿ ಮಾಡತೊಡಗಿದ. ಪ್ರಾರ್ಥನೆಯನ್ನು ಅರ್ಧಕ್ಕೆ ಬಿಟ್ಟು ಓಡಿಬಂದು ಚೀಟಿ ಕಿತ್ತರಂತೆ.

“ಇದು ನಮ್ಮ ಗಣಪತಿ ಕಥೆ ಕಣ್ರೀ! ಪಾರ್ವತಿ ಮಾಡಿ ಬಾಗಿಲಿಗೆ ಕಾವಲು ನಿಲ್ಲಿಸಲಿಲ್ಲವೇ?”

“ಕೊನೆಯೂ ಹಾಗೇ ಮೇಷ್ಟ್ರೇ. ನಮ್ಮ ಮಣ್ಣಿನ ಗಣಪ ನೀರಿಗೆ, ಅವರ ಗೋಲೆಮ್ ಅಟ್ಟಕ್ಕೆ.”

ರಬ್ಬಿ ತೀರಿಕೊಂಡದ್ದು 1609ರಲ್ಲಿ. ಈ ಕಥೆ ಅವರಿಗಂಟಿಕೊಂಡದ್ದು 19ನೇ ಶತಮಾನದಲ್ಲಿ. ಎಗೊನ್ ಎರ್ವಿನ್ ಕಿಶ್ ಎಂಬ ಪತ್ರಕರ್ತ ಅಟ್ಟ ಹತ್ತಿಯೂ ನೋಡಿದ, ಗೋಲೆಮ್ ಸಿಗಲಿಲ್ಲ. ಆದರೂ ಬೀದಿಯ ಅಂಗಡಿಗಳಲ್ಲಿ ಮಣ್ಣಿನ ಗೋಲೆಮ್ ಸಾಲುಸಾಲಾಗಿ ನಿಂತಿದ್ದಾನೆ. ಅಳಿಯ ಒಂದು ಕೊಂಡ.

ಆಮೇಲೆ ಸ್ಮಶಾನ. 1439ರಿಂದ 1787ರವರೆಗಿನ ಸಮಾಧಿಗಳು. ಯಹೂದಿಗಳನ್ನು ಹೂಳಲು ಇದ್ದ ಜಾಗ ಅಷ್ಟೇ ಅಷ್ಟು, ಹಳೆಯ ಗೋರಿ ಕೆದಕಲು ಧರ್ಮ ಒಪ್ಪದು. ಏನು ಮಾಡುವುದು? ಮಣ್ಣು ತಂದು ಸುರಿದು, ಹಳಬರ ಕಲ್ಲನ್ನು ಮೇಲಕ್ಕೆತ್ತಿ ನೆಟ್ಟು, ಹೊಸಬರನ್ನು ಹೂಳಿದರು. ಕೆಲವೆಡೆ ಹೀಗೆ ಹನ್ನೆರಡು ಪದರ. ಮೇಲೆ ಸುಮಾರು 12,000 ಕಲ್ಲು, ಸಂತೆ ದಿನದ ಬಸ್ಸಿನಲ್ಲಿ ನಿಂತವರ ಹಾಗೆ ಒಂದರ ಮೇಲೊಂದು ವಾಲಿಕೊಂಡಿವೆ. ಕಲ್ಲಿನ ಮೇಲೆ ಗುರುತುಗಳು: ರಬ್ಬಿ ಲೋವ್‌ಗೆ ಸಿಂಹ, ಖಗೋಳ ಬಲ್ಲ ದಾವಿದ್ ಗಾನ್ಸ್‌ಗೆ ಹೆಬ್ಬಾತು. ಜರ್ಮನ್ ಭಾಷೆಯಲ್ಲಿ ಗಾನ್ಸ್ ಎಂದರೆ ಅದೇ. ಕೊಹೇನರಿಗೆ ಹರಸುವ ಎರಡು ಕೈ.

“ನನಗೇನು ಕೆತ್ತಬಹುದು?” ಮೇಷ್ಟರು ಮಡಿ ಮರೆತು ಕೇಳಿದರು.

“ನಿಮಗೂ ಕೈಯೇ. ದಾಸವಾಳದತ್ತ ಚಾಚಿದ್ದು.”

ಗೋರಿಯ ಮೇಲೆ ಅವರು ಹೂವಿಡುವುದಿಲ್ಲ, ಪುಟ್ಟ ಕಲ್ಲಿಡುತ್ತಾರೆ. ಹೂವು ಬಾಡುತ್ತದೆ, ಕಲ್ಲು ಇರುತ್ತದೆ. ರಬ್ಬಿಯ ಗೋರಿಯ ಸಂದಿಯಲ್ಲಿ ಹರಕೆಯ ಚೀಟಿಗಳು. ಪರೀಕ್ಷೆ ಪಾಸಾಗಲೆಂದು ಹುಂಡಿಗೆ ಪತ್ರ ಹಾಕುವ ಊರಿನಿಂದ ಬಂದವನಿಗೆ ಅದೇನೂ ಹೊಸದೆನಿಸಲಿಲ್ಲ.

ಅಲ್ಲಿಯವರೆಗೆ ನಗುತ್ತ ಹೇಳಿದೆ. ಪಿಂಕಾಸ್ ಸಿನಗಾಗಿನ ಮಾತು ಬಂದಾಗ ನಗೆ ತಾನಾಗಿ ನಿಂತಿತು. ಅದರೊಳಗೆ ವಿಗ್ರಹವಿಲ್ಲ, ಚಿತ್ರವಿಲ್ಲ, ಗೋಡೆ ತುಂಬ ಹೆಸರು. ನಾತ್ಸಿಗಳು ಕೊಂದ, ಚೆಕ್ ನಾಡಿನ ಬೊಹೀಮಿಯ, ಮೊರಾವಿಯ ಪ್ರಾಂತ್ಯಗಳ ಸುಮಾರು 78,000 ಯಹೂದಿಗಳು. ಊರಿನ ಹೆಸರು, ಮನೆತನ, ವ್ಯಕ್ತಿ, ಹುಟ್ಟಿದ ದಿನ, ಕೊನೆಯದಾಗಿ ಸುಳಿವು ಸಿಕ್ಕ ದಿನ. 1950ರ ದಶಕದಲ್ಲಿ ಇಬ್ಬರು ಕಲಾವಿದರು ಐದು ವರ್ಷ ಕೂತು ಕೈಯಿಂದ ಬರೆದರು. ನೆಲದ ನೀರು ಗೋಡೆಗೇರಿತೆಂದು 1968ರಲ್ಲಿ ಬಾಗಿಲು ಮುಚ್ಚಿದರು. ರಿಪೇರಿಯ ಹೆಸರಿನಲ್ಲಿ ಅಕ್ಷರಗಳೂ ಹೋದವು. ಕಮ್ಯುನಿಸ್ಟ್ ಆಡಳಿತ ಬಿದ್ದ ಮೇಲೆ 1992ರಿಂದ 1996ರವರೆಗೆ ಅಷ್ಟೂ ಹೆಸರನ್ನು ಮತ್ತೆ ಬರೆದರು. ಮಹಡಿಯ ಮೇಲೆ ನಾತ್ಸಿಗಳ ತೆರೆಜಿನ್ ಸೆರೆಶಿಬಿರದ ಮಕ್ಕಳು ಬಿಡಿಸಿದ ಮನೆ, ಮರ, ಚಿಟ್ಟೆ. ಅವರಿಗೆ ಚಿತ್ರ ಕಲಿಸಿದ ಫ್ರೀಡಲ್ ಡಿಕರ್-ಬ್ರಾಂಡೈಸ್ ಎಂಬಾಕೆ 1944ರಲ್ಲಿ ತನ್ನನ್ನು ಆಶ್ವಿಟ್ಜ್ ಹತ್ಯಾಶಿಬಿರಕ್ಕೆ ಸಾಗಿಸುವ ಮುಂಚೆ ಎರಡು ಸೂಟ್‌ಕೇಸಿನಲ್ಲಿ ಸುಮಾರು 4,500 ಚಿತ್ರಗಳನ್ನು ಬಚ್ಚಿಟ್ಟಿದ್ದಳು. ಸೂಟ್‌ಕೇಸ್ ಉಳಿಯಿತು, ಆಕೆ ಉಳಿಯಲಿಲ್ಲ. ಚಿತ್ರ ಬಿಡಿಸಿದ ಮಕ್ಕಳಲ್ಲೂ ಹೆಚ್ಚಿನವರು ಉಳಿಯಲಿಲ್ಲ.

ಮೇಷ್ಟರು ಬಹಳ ಹೊತ್ತು ಮಾತಾಡಲಿಲ್ಲ.

“ನಿಮ್ಮ ತಾತನ ತಾತನ ಹೆಸರೇನು ಮೇಷ್ಟ್ರೇ?” ಎಂದೆ.

ಅವರು ಬೆರಳು ಮಡಿಸಿದರು. ಶ್ರಾದ್ಧದಲ್ಲಿ ಹೇಳುವುದು ಮೂರು ತಲೆ: ತಂದೆ, ತಾತ, ಮುತ್ತಾತ. ನಾಲ್ಕನೆಯ ಬೆರಳು ನೆಟ್ಟಗೇ ನಿಂತಿತು. ನನ್ನದೂ ಅಲ್ಲೇ ನಿಲ್ಲುತ್ತದೆ. ಯಾರೂ ನಮ್ಮ ಹಿರಿಯರನ್ನು ರೈಲಿಗೆ ತುಂಬಲಿಲ್ಲ, ಯಾರೂ ಗೋಡೆ ಒರೆಸಲಿಲ್ಲ. ನಾವೇ ಮರೆತೆವು, ಪುರುಸೊತ್ತಾಗಿ.

ಸಂಜೆ ಮೇಷ್ಟರು ಮತ್ತೆ ಬಂದರು, ಈ ಸಲ ಬುಟ್ಟಿಯಿಲ್ಲ. ಊರಿನಲ್ಲಿರುವ ತೊಂಬತ್ತು ದಾಟಿದ ಸೋದರತ್ತೆಗೆ ಫೋನು ಮಾಡಿದ್ದರಂತೆ. ನಾಲ್ಕನೆಯವರ ಹೆಸರು ಸಿಕ್ಕಿತು, ಜೊತೆಗೆ ಅವರ ಹೆಂಡತಿಯ ಹೆಸರೂ. ಪಂಚಾಂಗದ ಹಿಂದಿನ ಪುಟದಲ್ಲಿ ಬರೆದಿಟ್ಟಿದ್ದರು. ನಾನು ಹೇಳಿದೆ, ಪಂಚಾಂಗ ಯುಗಾದಿಗೆ ರದ್ದಿಗೆ ಹೋಗುತ್ತದೆ, ಒಳ್ಳೆಯ ನೋಟುಬುಕ್ಕಿಗೆ ಇಳಿಸಿ ಅಂತ. ನಿಮಗೂ ಅದೇ ಮಾತು. ನಿಮ್ಮ ಮನೆಯಲ್ಲೂ ಅಂಥ ಒಬ್ಬ ಅತ್ತೆ ಇದ್ದಾರು. ಅವರಿಗೆ ಕಿವಿ ಕೇಳುವಾಗಲೇ ಫೋನು ಮಾಡಿ.