ವೇಷ ಕೆಡಿಸುವ ಕ್ರಮ

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ವಸ್ತ್ರವಿನ್ಯಾಸಕರಾಗಲು ಹೊರಟಿದ್ದೀರಾ? ಮೊದಲು ವಿಸಿಟಿಂಗ್ ಕಾರ್ಡ್ ಅಚ್ಚು ಹಾಕಿಸಿ. ಹೊಲಿಗೆ ಆಮೇಲೆ ಕಲಿಯಿರಿ; ಕಲಿಯದಿದ್ದರೂ ನಡೆಯುತ್ತದೆ.

ಮಂದಾರ್ತಿ, ಮಾರಣಕಟ್ಟೆ ಮೇಳಗಳ ಯಕ್ಷಗಾನದ ಆಟ ಹತ್ತಿರದಲ್ಲೇ ಇದ್ದರೂ ವೇಷ ಕಟ್ಟುವ ಚೌಕಿಗೆ ಮಾತ್ರ ಕಾಲಿಡಬೇಡಿ. ಕಲಾವಿದ ತಾನೇ ಕನ್ನಡಿ ಹಿಡಿದು ಬಣ್ಣ ಬರೆದುಕೊಳ್ಳುವುದನ್ನೂ ಹಿಂದೆ ನಿಂತವನು ಕಸೆ ಬಿಗಿಯುವುದನ್ನೂ ಕಂಡರೆ ನಿಮ್ಮ ಧೈರ್ಯ ಕುಸಿದೀತು. ಉಪ್ಪಿನಕುದ್ರುವಿನ ಗಣೇಶ ಯಕ್ಷಗಾನ ಗೊಂಬೆಯಾಟವಂತೂ ಬೇಡವೇ ಬೇಡ: ಅಲ್ಲಿ ಮೊಳದುದ್ದದ ಗೊಂಬೆಗೂ ಬಡಗುತಿಟ್ಟಿನ ವೇಷ ಕ್ರಮವಾಗಿ ಕಟ್ಟಿರುತ್ತಾರೆ. ಸಂಶೋಧನೆಗೆ ಮೊಬೈಲ್ ಸಾಕು. ಕೋಟದ ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. ಒಂದು ಪ್ರತಿ ಕೊಂಡು, ಸಂದರ್ಶನ ಕೊಡುವಾಗ ಬೆನ್ನ ಹಿಂದೆ ಕಾಣುವಂತೆ ಇಡಿ. ಬಿಡಿಸಬೇಡಿ, ಹೊಸತಾಗಿಯೇ ಇರಲಿ.

ಈಗ ಮುಂಡಾಸು. ಬಡಗುತಿಟ್ಟಿನ ಮರ್ಯಾದೆ ಇರುವುದೇ ಅದರಲ್ಲಿ. ಕೆಡಿಸುವುದನ್ನು ಅಲ್ಲಿಂದಲೇ ಶುರು ಮಾಡಿ. ಹಳಬರು ಹುಲ್ಲಿನ ಅಟ್ಟೆಗೆ ಬಟ್ಟೆ ಸುತ್ತಿ, ಸುತ್ತಿನ ಮೇಲೆ ಸುತ್ತು ಬಿಗಿದು, ಜರಿಪಟ್ಟಿ ಎಳೆದು, ಅವರವರ ತಲೆಗೆ ತಕ್ಕಂತೆ ಕಟ್ಟುತ್ತಾರೆ. ಸಡಿಲವಾದರೆ ಮಂಡಿ ಹಾಕುವಾಗ ಜಾರುತ್ತದೆ, ಬಿಗಿಯಾದರೆ ಬೆಳಗಿನವರೆಗೆ ತಲೆ ಸಿಡಿಯುತ್ತದೆ. ಇಷ್ಟೆಲ್ಲ ರಗಳೆ ಯಾಕೆ? ಥರ್ಮೋಕೋಲ್ ಕೆತ್ತಿ, ಕಪ್ಪು ಸ್ಯಾಟಿನ್ ಅಂಟಿಸಿ, ಎಲ್ಲರಿಗೂ ಒಂದೇ ಅಳತೆ ಇಡಿ. ತಲೆ ದೊಡ್ಡದಿದ್ದವನ ಪಾತ್ರ ಸಣ್ಣದು ಮಾಡಲು ನಿರ್ದೇಶಕರಿಗೆ ಸೂಚಿಸಿ. ಕರ್ಣನಿಗೆ ಮುಂಡಾಸು, ಅಭಿಮನ್ಯುವಿನಂಥ ಎಳೆಯನಿಗೆ ಕೇದಗೆ ಮುಂದಲೆ ಎಂಬುದು ಪ್ರೇಕ್ಷಕರಿಗೆ ಗೊತ್ತಿದೆ. ಅವರಿಗೆ ಗೊತ್ತಿದ್ದದ್ದನ್ನೇ ಮತ್ತೆ ತೋರಿಸಿ ಬೇಸರ ತರಿಸಬೇಡಿ. ತೆಂಕುತಿಟ್ಟಿನ ಕೇಸರಿತಟ್ಟಿ ಕಿರೀಟ ಅಗ್ಗಕ್ಕೆ ಸಿಕ್ಕಿದರೆ ಬಡಗಿನ ಚೌಕುಳಿ ಸೀರೆಗೆ ಜೋಡಿಸಿ. “ಹ್ವಾಯ್, ಇದ್ ಯಾವ್ ತಿಟ್ಟ್ ಮಾರಾಯ್ರೆ?” ಎಂದು ಯಾರಾದರೂ ಕೇಳಿದರೆ “ಫ್ಯೂಷನ್” ಎಂದು ಹೇಳಿ ಚಾ ಕುಡಿಯಲು ಹೋಗಿ.

ಎದೆಕಟ್ಟು, ಭುಜಕೀರ್ತಿಗೆ ಹಗುರ ಮರ ಕೆತ್ತಿಸಿ ಬೇಗಡೆ ಹಚ್ಚಿಸಬೇಡಿ. ಪ್ಲಾಸ್ಟಿಕ್ಕಿಗೆ ಚಿನ್ನದ ಬಣ್ಣ ಸಿಂಪಡಿಸಿ. ದೊಂದಿಯ ಬೆಳಕಿನಲ್ಲಿ ಮಿನುಗಲೆಂದು ಮಾಡಿದ ವೇಷವನ್ನು ಎಲ್‌ಇಡಿ ಕೆಳಗೆ ನಿಲ್ಲಿಸಿ, ಇನ್ನಷ್ಟು ಕನ್ನಡಿಚೂರು ಸೇರಿಸಿ. ಕಣ್ಣು ಮುಚ್ಚಿಕೊಳ್ಳುವುದು ಕ್ಯಾಮೆರಾದವನ ಜವಾಬ್ದಾರಿ. ಏಪ್ರಿಲ್ ಸೆಕೆಗೆ ಪಾಲಿಯೆಸ್ಟರ್ ಕೊಡಿ. ಅಂಗಿ ದೊಡ್ಡದಾದರೆ ಬೆನ್ನಿಗೆ ಸೇಫ್ಟಿ ಪಿನ್ ಹಾಕಿ, ಗಿರ್ಕಿ ಹೊಡೆಯಬಾರದೆಂದು ನಟನಿಗೆ ತಾಕೀತು ಮಾಡಿ.

ಸಿನಿಮಾದವರು ಬಂದರೆ ಹೆದರಬೇಡಿ. 2022ರ ‘ಕಾಂತಾರ’ದ ವಸ್ತ್ರವಿನ್ಯಾಸ ಪ್ರಗತಿ ಶೆಟ್ಟಿಯವರದು, ಚಿತ್ರೀಕರಣ ನಡೆದದ್ದು ಕೆರಾಡಿಯಲ್ಲಿ. ಆ ದಾರಿಯಲ್ಲಿ ನೀವು ಬಸ್ಸಿನಲ್ಲಿ ಹೋಗಿದ್ದರೂ “ಕಾಂತಾರದ ಟೈಮಲ್ಲಿ ಅಲ್ಲೇ ಓಡಾಡ್ತಿದ್ದೆ” ಎನ್ನಿ. ಸುಳ್ಳಾಗುವುದಿಲ್ಲ. ಫ್ಯಾನ್ಸಿ ಡ್ರೆಸ್ಸಿಗೆ ದೈವದ ವೇಷ ಕೇಳಿಕೊಂಡು ಬಂದವರನ್ನು ಬರಿಗೈಲಿ ಕಳಿಸಬೇಡಿ. ಬಿಲ್ಲಿನಲ್ಲಿ ಮಾತ್ರ “ಜಾನಪದ ಕಾಸ್ಟ್ಯೂಮ್” ಎಂದು ಬರೆಯಿರಿ.

ಶಾಲೆಗಳ ವಾರ್ಷಿಕೋತ್ಸವ ಸಾಲಾಗಿ ಬರುವಾಗ ಬಟ್ಟೆ ಒಗೆಯಲು ಕೂರಬೇಡಿ. ಬಿಸಿಲಿಗೆ ಒಡ್ಡಿ, ಸೆಂಟು ಹೊಡೆದು ಮುಂದಿನ ಶಾಲೆಗೆ ಕಳಿಸಿ. ವೇಷ ವಾಪಸು ಬಂದ ದಿನ ಹೆಡ್‌ಮಾಸ್ತರರ ಎದುರೇ ಗೆಜ್ಜೆ ಎಣಿಸಿ, ನಾಲ್ಕು ಕಡಿಮೆ ಎಂದು ಹೇಳಿ ಡೆಪಾಸಿಟ್ ಮುರಿದುಕೊಳ್ಳಿ. ಕೊಡುವಾಗ ಎಣಿಸದೆ ಕೊಟ್ಟಿರಬೇಕು, ಅದೊಂದು ಮರೆಯಬೇಡಿ.